ಅಜ್ಜನ ಎರಡು ಕಪಾಟು ಯಾರಿಗೆ ಸೇರಬೇಕು?

ಪ್ರಶ್ನೆ: ಕಾಪು ಸಮೀಪದ ಓದುಗರೊಬ್ಬರು ಹೀಗೆ ಬರೆದಿದ್ದಾರೆ. “ನಮ್ಮದು ನೂರು ವರ್ಷ ದಾಟಿದ ಹೆಂಚಿನ ಮನೆ. ಈ ಮಳೆಗಾಲದೊಳಗೆ ಹಿಂದಿನ ಭಾಗವನ್ನು ಕೆಡವಿ ಕಟ್ಟಿಸಬೇಕಾಗಿದೆ. ಅಲ್ಲಿ ಅಜ್ಜನ ಎರಡು ಕಪಾಟುಗಳಿವೆ. ಅವರು ಶಾಲಾ ಮಾಸ್ತರರಾಗಿದ್ದರು, ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುತ್ತಿದ್ದರು. ಸುಮಾರು 600 ಪುಸ್ತಕ, ಅದರಲ್ಲಿ ರಟ್ಟು ಹೋದ ಕಿಟ್ಟೆಲ್ ನಿಘಂಟು, ಬಾಸೆಲ್ ಮಿಷನ್ನಿನ ಶಾಲಾ ಪುಸ್ತಕಗಳು, ಒಂದು ರಾಶಿ ಯಕ್ಷಗಾನ ಪ್ರಸಂಗಗಳು. 14 ಕಟ್ಟು ಓಲೆಗರಿ. ಒಂದು ಟ್ರಂಕಿನಲ್ಲಿ ಗೇಣಿ ಲೆಕ್ಕ, ಕಾಗದ ಪತ್ರ, ಆಮಂತ್ರಣ, ಇನ್ನೇನೇನೋ. ಬೆಂಗಳೂರಿನ ಅಳಿಯ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟುಬಿಡಿ, ಶಾಶ್ವತವಾಗಿ ಉಳಿಯುತ್ತದೆ ಎನ್ನುತ್ತಾನೆ. ಮೊಬೈಲಿನಲ್ಲಿ ಫೋಟೊ ತೆಗೆದರೆ ಮುಗಿಯಿತು ಎನ್ನುವುದು ಯಜಮಾನರ ವಾದ. ಊರಿನ ಪ್ರೌಢಶಾಲೆಯವರು ಶತಮಾನೋತ್ಸವಕ್ಕೆ ಮೂರು ದಿನ ಪ್ರದರ್ಶನಕ್ಕಿಡಲು ಕೇಳಿದ್ದಾರೆ. ಮಂಗಳೂರಿನಿಂದ ಒಬ್ಬರು ಬಂದು ಓಲೆಗರಿಗೆ ಬೆಲೆಯನ್ನೂ ಹೇಳಿ ಹೋದರು. ಅಮ್ಮನಿಗೆ 78 ವರ್ಷ. ಓಲೆ ಮನೆ ಬಿಟ್ಟು ಹೋಗಬಾರದು ಎಂದು ಅವರ ಹಟ. ಕೊಡಬೇಕೇ, ಇಟ್ಟುಕೊಳ್ಳಬೇಕೇ? ಪ್ರದರ್ಶನಕ್ಕಿಟ್ಟರೆ ಹಾಳಾಗುತ್ತದೆಯೇ?”

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು “ಇನ್ನೇನೇನೋ” ಎಂಬ ಮಾತಿನ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಚಿಂತೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಮನೆಯ ಒಳಗೂ ಹೊರಗೂ ಒಬ್ಬೊಬ್ಬರು ಒಂದೊಂದು ಮಾತು ಹೇಳುತ್ತಿದ್ದಾರೆ, ಮಳೆ ಬರುವುದರೊಳಗೆ ಒಂದನ್ನು ಆಯ್ದುಕೊಳ್ಳಬೇಕು, ತಪ್ಪಿದರೆ ಅಜ್ಜನಿಗೆ ದ್ರೋಹವಾದೀತು ಎಂಬ ಅಳುಕು. ಮೊದಲ ಸಮಾಧಾನ ಇಲ್ಲೇ ಹೇಳುತ್ತೇನೆ. ಮಳೆಗಾಲದೊಳಗೆ ನೀವು ಮುಗಿಸಬೇಕಾದದ್ದು ಕಪಾಟಿನ ಸ್ಥಳಾಂತರ ಮಾತ್ರ. ದಾನದ ನಿರ್ಧಾರಕ್ಕೆ ಅಂಥ ಅವಸರವಿಲ್ಲ. ಮುಂದಿನ ದೀಪಾವಳಿಗೆ ಮಾಡಿದರೂ ನಷ್ಟವಿಲ್ಲ. ಗಡಿಬಿಡಿಯಲ್ಲಿ ಕೊಟ್ಟ ಸಂಗ್ರಹಗಳು ಏನಾದವು ಎಂಬುದನ್ನು ಮೂವತ್ತು ವರ್ಷ ಗ್ರಂಥಾಲಯದ ಹಿಂಬಾಗಿಲಲ್ಲಿ ನಿಂತು ನೋಡಿದವನು ನಾನು.

ಅಳಿಯನ ಸಲಹೆಯಿಂದ ಶುರು ಮಾಡೋಣ. ಕೋಲ್ಕತ್ತಾದ ಗ್ರಂಥಾಲಯದ ಬಗ್ಗೆ ನಮ್ಮ ಕಡೆ ಎರಡು ಕಲ್ಪನೆಗಳಿವೆ, ಎರಡೂ ಪೂರ್ತಿ ನಿಜವಲ್ಲ. ಅಲ್ಲಿ ಬಂಗಾಳಿ ಮತ್ತು ಇಂಗ್ಲಿಷಿಗೆ ಮಾತ್ರ ಬೆಲೆ ಎಂಬುದು ಒಂದು. ಅಲ್ಲಿ ಭಾರತೀಯ ಭಾಷೆಗಳಿಗೆ ಪ್ರತ್ಯೇಕ ವಿಭಾಗಗಳಿವೆ, ಕನ್ನಡಕ್ಕೂ ಇದೆ. ದೇಶದಲ್ಲಿ ಅಚ್ಚಾದದ್ದೆಲ್ಲ ಅಲ್ಲಿ ಇದ್ದೇ ಇರುತ್ತದೆ, ಕೊಟ್ಟದ್ದನ್ನೆಲ್ಲ ಅವರು ತೆಗೆದುಕೊಳ್ಳಲೇಬೇಕು ಎಂಬುದು ಇನ್ನೊಂದು. 1954ರ ಕಾನೂನಿನ ಪ್ರಕಾರ ಪ್ರಕಾಶಕರು ಹೊಸ ಪುಸ್ತಕದ ಒಂದೊಂದು ಪ್ರತಿಯನ್ನು 30 ದಿನದೊಳಗೆ ತಮ್ಮ ಖರ್ಚಿನಲ್ಲಿ ಕೋಲ್ಕತ್ತಾ, ಚೆನ್ನೈ, ಮುಂಬಯಿ, ದೆಹಲಿಯ ನಾಲ್ಕು ಗ್ರಂಥಾಲಯಗಳಿಗೆ ಕಳುಹಿಸಬೇಕು. 1956ರಲ್ಲಿ ಪತ್ರಿಕೆಗಳೂ ಈ ಕಾನೂನಿನೊಳಗೆ ಬಂದವು. ಇದು ಪ್ರಕಾಶಕರ ಮೇಲಿನ ಹೊರೆ. ನಮ್ಮ ನಿಮ್ಮಂಥವರು ಕೊಡುವ ಹಳೆಯ ಪುಸ್ತಕ ಬರಿಯ ಕಾಣಿಕೆ. ಅದನ್ನು ಸ್ವೀಕರಿಸುವುದು, ಬಿಡುವುದು ಅವರ ವಿವೇಚನೆ. ಈಗಾಗಲೇ ಇರುವ ಪುಸ್ತಕದ ಎರಡನೆಯ ಪ್ರತಿಯನ್ನು ಅಲ್ಲಿನವರೆಂದಲ್ಲ, ಯಾವ ಗ್ರಂಥಪಾಲಕನೂ ಸಂತೋಷದಿಂದ ಕಪಾಟಿಗೆ ಏರಿಸುವುದಿಲ್ಲ. ನಾನೂ ಏರಿಸಿಲ್ಲ.

ಕಾನೂನು ಬಂದ ಮೇಲೂ ಸಣ್ಣ ಊರಿನ ಸಣ್ಣ ಪ್ರಕಾಶಕರು ಎಲ್ಲವನ್ನೂ ಕಳುಹಿಸಲಿಲ್ಲ ಎಂಬುದು ಈ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು. ಅದಕ್ಕಿಂತ ಹಿಂದಿನ ಕಥೆಯೇ ಬೇರೆ. 1867ರ ಮುದ್ರಣ ಕಾಯಿದೆಯಂತೆ ಅಚ್ಚಾದ ಪುಸ್ತಕದ ಪ್ರತಿಗಳು ಆಯಾ ಪ್ರಾಂತ್ಯದ ಸರ್ಕಾರಕ್ಕೆ ಹೋಗಬೇಕಿತ್ತು. ನಮ್ಮ ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಆದ್ದರಿಂದ ಮಂಗಳೂರು, ಉಡುಪಿಯಲ್ಲಿ ಅಚ್ಚಾದ ಹಳೆಯ ಪುಸ್ತಕ ಎಲ್ಲಾದರೂ ಉಳಿದಿದೆಯೇ ಎಂದು ನೋಡಲು ನಾನು ಮೊದಲು ಹುಡುಕುವುದು ಬೆಂಗಳೂರಿನಲ್ಲಿ ಅಲ್ಲ, ಚೆನ್ನೈಯಲ್ಲಿ; ಆಮೇಲೆ ಲಂಡನ್ನಿನಲ್ಲಿ; ಮಿಷನ್ನಿನ ಪುಸ್ತಕವಾದರೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಸಂಶೋಧನೆಗೆಂದು ಬರುವ ಹುಡುಗರಿಗೆ ಇದನ್ನು ಹೇಳಿದರೆ ನಾನು ತಮಾಷೆ ಮಾಡುತ್ತಿದ್ದೇನೆ ಎಂದು ನಗುತ್ತಾರೆ.

ಈಗ ನಿಮ್ಮ ಪಟ್ಟಿಗೆ ಬನ್ನಿ. ನೀವು ಕಿಟ್ಟೆಲ್ ನಿಘಂಟಿನ ಹೆಸರನ್ನು ಮೊದಲು ಬರೆದಿದ್ದೀರಿ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಮಹಾ ಗ್ರಂಥ ಅದು, ಯಾರು ತಾನೇ ಮೊದಲು ಬರೆಯುವುದಿಲ್ಲ? ಆದರೆ ಅದು ದೊಡ್ಡ ಗ್ರಂಥಾಲಯಗಳಲ್ಲೆಲ್ಲ ಇದೆ, ಮರುಮುದ್ರಣವಾಗಿದೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. 1886ರ ಮ್ಯಾನರ್ ಅವರ ತುಳು ನಿಘಂಟು ನಿಮ್ಮಲ್ಲಿದ್ದರೆ ಅದಕ್ಕೂ ಇದೇ ಮಾತು. ನೀವು ಕೊನೆಯಲ್ಲಿ, ಹೆಸರೂ ಇಡದೆ ಬಿಟ್ಟ ಟ್ರಂಕಿನಲ್ಲಿರುವ “ಇನ್ನೇನೇನೋ” ಮಾತ್ರ ಬೇರೆ ಎಲ್ಲೂ ಇಲ್ಲ. ಮೇಳದ ಆಟದ ಕರಪತ್ರವನ್ನು ಯಾವ ಪ್ರಕಾಶಕನೂ ಯಾವ ಗ್ರಂಥಾಲಯಕ್ಕೂ ಕಳುಹಿಸಲಿಲ್ಲ. ಮದುವೆಯ ಆಮಂತ್ರಣ, ಶಾಲಾ ವಾರ್ಷಿಕೋತ್ಸವದ ಕಾರ್ಯಕ್ರಮ ಪಟ್ಟಿ, ಅಂಚಿನಲ್ಲಿ ಮಳೆ ಬಿದ್ದ ದಿನ ಗುರುತು ಹಾಕಿದ ಪಂಚಾಂಗ, ಇಂಥವರಿಂದ ಇಷ್ಟು ಮುಡಿ ಅಕ್ಕಿ ಬಾಕಿ ಎಂದು ಬರೆದ ಗೇಣಿ ಪುಸ್ತಕ: ಇವು ಪ್ರಪಂಚದಲ್ಲಿ ಇರುವುದು ಒಂದೊಂದೇ. ಯಕ್ಷಗಾನ ಪ್ರಸಂಗ ಪುಸ್ತಕಗಳು ಅಗ್ಗದ ಕಾಗದದಲ್ಲಿ ಅಚ್ಚಾಗಿ, ಭಾಗವತರ ಕೈಯಲ್ಲಿ ರಾತ್ರಿಯಿಡೀ ಬೆವರು ಕುಡಿದು, ಹರಿದುಹೋಗುವುದಕ್ಕೇ ಹುಟ್ಟಿದಂಥವು. ನಿಮ್ಮ ಅಜ್ಜ ಅರ್ಥಧಾರಿಯಾಗಿದ್ದರೆ ಪದ್ಯದ ಪಕ್ಕದಲ್ಲಿ ಪೆನ್ಸಿಲಿನಿಂದ ಏನಾದರೂ ಗೀಚಿರುತ್ತಾರೆ, ಎಲ್ಲಿ ನಿಲ್ಲಿಸಬೇಕು, ಯಾವ ಪದ್ಯ ಬಿಡಬೇಕು, ಎದುರಾಳಿಗೆ ಏನು ಕೇಳಬೇಕು ಎಂದು. ಆ ಗೀಚಿನಿಂದಾಗಿ ಮೂರಾಣೆಯ ಪುಸ್ತಕ ನಿಮ್ಮ ಕಿಟ್ಟೆಲ್‌ಗಿಂತ ತೂಕದ್ದಾಗುತ್ತದೆ. ಮನೆ ಖಾಲಿ ಮಾಡುವಾಗ ಮೊದಲು ಗುಜರಿಗೆ ಹೋಗುವುದೂ ಅದೇ. ನಿಮ್ಮ ಪತ್ರದ ಅಷ್ಟೂ ಪ್ರಶ್ನೆಗಳಿಗೆ ನನ್ನಲ್ಲಿರುವ ಮುಖ್ಯ ಉತ್ತರ ಇದು. ನೀವು ಮಾಡಿದ ಕ್ರಮವನ್ನು ತಲೆಕೆಳಗು ಮಾಡಿ, ಟ್ರಂಕಿನಿಂದ ಆರಂಭಿಸಿ.

ಆರಂಭಿಸುವುದು ಎಂದರೆ ಪಟ್ಟಿ. ಒಂದು ಸಂಸ್ಥೆಯಲ್ಲಿ, ಹೆಸರು ಬೇಡ, ವಿದ್ವಾಂಸರೊಬ್ಬರ ಮನೆಯಿಂದ ಬಂದ ಪುಸ್ತಕಗಳು ಗೊಬ್ಬರದ ಚೀಲದಲ್ಲಿ ಹನ್ನೊಂದು ವರ್ಷ ಮೆಟ್ಟಿಲ ಕೆಳಗೆ ಕುಳಿತಿದ್ದವು. ಚೀಲ ಬಿಚ್ಚಿದಾಗ ಅರ್ಧವನ್ನು ಒರಲೆ (ಗೆದ್ದಲು) ತಿಂದಿತ್ತು. ಹೋದದ್ದು ಯಾವ ಅರ್ಧ ಎಂದು ಹೇಳಲು ಯಾರಿಂದಲೂ ಆಗಲಿಲ್ಲ. ಕೊಟ್ಟವರ ಬಳಿ ಪಟ್ಟಿ ಇರಲಿಲ್ಲ, ಪಡೆದವರ ಬಳಿ ಮೊದಲೇ ಇರಲಿಲ್ಲ. ಪಟ್ಟಿಯಿಲ್ಲದೆ ಕೊಟ್ಟದ್ದನ್ನು ನಾನು ದಾನ ಎನ್ನುವುದಿಲ್ಲ, ಜಾಗ ಖಾಲಿ ಮಾಡಿದ್ದು ಎನ್ನುತ್ತೇನೆ.

ಕಪಾಟನ್ನು ಮುಟ್ಟುವ ಮೊದಲು ಇದ್ದಹಾಗೆಯೇ, ಹಲಗೆ ಹಲಗೆಯಾಗಿ ಫೋಟೊ ತೆಗೆಯಿರಿ. ಯಾವ ಪುಸ್ತಕದ ಪಕ್ಕ ಯಾವುದಿತ್ತು ಎಂಬುದೂ ಒಂದು ಮಾಹಿತಿ. ಯಜಮಾನರ ಮೊಬೈಲು ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ, ಅವರನ್ನು ಈ ಕೆಲಸಕ್ಕೆ ಹಚ್ಚಿ. ಆಮೇಲೆ ಒಂದೊಂದಕ್ಕೂ ಒಂದು ಸಂಖ್ಯೆ. ಅದನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಪುಸ್ತಕದೊಳಗೆ ಇಡಿ. ಪೆನ್ನು, ಅಂಟು, ಸ್ಟೇಪಲ್ ಪಿನ್ನು ಹತ್ತಿರ ಬರಬಾರದು. ನೋಟು ಪುಸ್ತಕದಲ್ಲಿ ಸಂಖ್ಯೆ, ಹೆಸರು, ಅಚ್ಚಾದ ಊರು, ವರ್ಷ, ಸ್ಥಿತಿ, ಒಳಗೆ ಯಾರ ಕೈಬರಹ ಇದೆ ಎಂದು ಬರೆಯಿರಿ. ಕೊನೆಯ ವಿವರಕ್ಕೆ ನಿಮ್ಮ ಅಮ್ಮ ಬೇಕು. ಆ ಕೈಬರಹಗಳನ್ನು ಗುರುತಿಸಬಲ್ಲವರು ಮನೆಯಲ್ಲಿ ಅವರೊಬ್ಬರೇ ಇರಬಹುದು. ಅವರು ಹೇಳುವುದನ್ನು ಧ್ವನಿಮುದ್ರಣ ಮಾಡಿಕೊಳ್ಳಿ. ಇಬ್ಬರು ಕುಳಿತರೆ ಏಳೆಂಟು ಭಾನುವಾರದ ಕೆಲಸ. ಈ ಇಡೀ ವ್ಯವಹಾರದಲ್ಲಿ ಹೊರಗಿನವರಿಂದ ಮಾಡಿಸಲಾಗದ ಕೆಲಸ ಇದೊಂದೇ.

ಓಲೆಗರಿಯ ಬಗ್ಗೆ ಎರಡು ಮಾತು. ಬೆಲೆ ಹೇಳಿ ಹೋದವರಿಗೆ ಬಾಗಿಲು ಮುಚ್ಚಿ. 1972ರ ಕಾನೂನಿನಂತೆ, ಇತಿಹಾಸ, ಸಾಹಿತ್ಯ, ಶಾಸ್ತ್ರ ಇಲ್ಲವೇ ಕಲೆಯ ದೃಷ್ಟಿಯಿಂದ ಮೌಲ್ಯವುಳ್ಳ, 75 ವರ್ಷಕ್ಕೆ ಕಡಿಮೆಯಿಲ್ಲದ ಹಸ್ತಪ್ರತಿ ಪುರಾತನ ವಸ್ತು ಎನಿಸುತ್ತದೆ. ಅದನ್ನು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಓಲೆಯಲ್ಲಿ ಚಿತ್ರಗಳಿದ್ದರೆ ಪುರಾತತ್ತ್ವ ಇಲಾಖೆಯಲ್ಲಿ ನೋಂದಣಿ ಮಾಡಿಸುವ ನಿಯಮವೂ ಇದೆ, ವಿಚಾರಿಸಿಕೊಳ್ಳಿ. ಇನ್ನು ಒಳಗೇನಿದೆ ಎಂಬ ಕುತೂಹಲ. ನಮ್ಮ ಕಡೆಯ ಓಲೆಗಳಲ್ಲಿ ಕನ್ನಡ ಲಿಪಿಯೂ ಇರುತ್ತದೆ, ತಿಗಳಾರಿ ಎಂದೂ ತುಳು ಲಿಪಿ ಎಂದೂ ಕರೆಯುವ ಲಿಪಿಯೂ ಇರುತ್ತದೆ. ಎರಡನೆಯದನ್ನು ಓದಲು ಬಾರದ ಮನೆಯವರು ‘ಮಂತ್ರದ ಓಲೆ, ಮುಟ್ಟಬಾರದು’ ಎಂದು ಅಟ್ಟಕ್ಕೆ ಏರಿಸುವುದು ವಾಡಿಕೆ. ಮಂತ್ರವೂ ಇರಬಹುದು, ಮದ್ದಿನ ಪಟ್ಟಿಯೂ ಇರಬಹುದು, ಜಾತಕವೂ ಇರಬಹುದು, ಕಾವ್ಯವೂ ಇರಬಹುದು. ತುಳುವಿನಲ್ಲಿ ಹಳೆಯ ಕಾವ್ಯವೇ ಇಲ್ಲ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ವೆಂಕಟರಾಜ ಪುಣಿಂಚತ್ತಾಯರು ‘ಶ್ರೀ ಭಾಗವತೊ’, ‘ಕಾವೇರಿ’ ಕಾವ್ಯಗಳನ್ನು ಬೆಳಕಿಗೆ ತಂದದ್ದು ಇಂಥ ಓಲೆಗಳಿಂದಲೇ. ಇಂದು ಈ ಲಿಪಿಯನ್ನು ಕಲಿತು ಓದುವವರು ಉಡುಪಿ, ಮಂಗಳೂರಿನಲ್ಲಿ ಇದ್ದಾರೆ. 2024ರಲ್ಲಿ ಅದಕ್ಕೆ ಯೂನಿಕೋಡಿನಲ್ಲಿಯೂ ಸ್ಥಾನ ಸಿಕ್ಕಿದೆ.

ಅಮ್ಮನ ಹಟವನ್ನು ಹಳೆಯ ಕಾಲದ ಮಡಿವಂತಿಕೆ ಎಂದು ತಳ್ಳಿಹಾಕಬೇಡಿ. ಮೂಡುಬಿದಿರೆಯ ಬಸದಿಯಲ್ಲಿದ್ದ ಧವಲಾ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ ತಾಡವೋಲೆಗಳನ್ನು ನೆನೆಸಿಕೊಳ್ಳಿ. ಶತಮಾನಗಳ ಕಾಲ ಅವು ಭಕ್ತರಿಗೆ ದರ್ಶನಕ್ಕೆ ಮಾತ್ರ ಸಿಗುತ್ತಿದ್ದವು. ಊರು ಬಿಟ್ಟು ಹೋಗಗೊಡಲಿಲ್ಲ, ಆದ್ದರಿಂದ ಉಳಿದವು. ಪ್ರತಿ ಮಾಡಲು ಕೊನೆಗೂ ಬಿಟ್ಟದ್ದರಿಂದ 1939ರಿಂದ ಸಂಪುಟ ಸಂಪುಟವಾಗಿ ಅಚ್ಚಾಗಿ ಲೋಕಕ್ಕೆ ಸಿಕ್ಕವು. ಇದಕ್ಕೆ ವಿರುದ್ಧದ ಕಥೆ ಮೈಸೂರಿನದು. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಗ್ರಂಥಾಲಯಕ್ಕೆ ಒಂದು ಓಲೆಕಟ್ಟನ್ನು ತಂದುಕೊಟ್ಟರು. 1905ರಲ್ಲಿ ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅಚ್ಚಾಯಿತು. ಮೂಡುಬಿದಿರೆಯಲ್ಲಿ ಓಲೆಯನ್ನು ಉಳಿಸಿದ್ದು ಬೀಗ, ಮೈಸೂರಿನಲ್ಲಿ ಅದನ್ನು ಓದಿಸಿದ್ದು ತೆರೆದ ಬಾಗಿಲು. ನಿಮ್ಮ ಮನೆಯಲ್ಲಿ ಈ ಎರಡನ್ನೂ ಒಟ್ಟಿಗೆ ಮಾಡಲು ಸಾಧ್ಯವಿದೆ. ಓಲೆ ಅಮ್ಮ ಇರುವಷ್ಟು ಕಾಲ ಮನೆಯಲ್ಲಿರಲಿ, ಒಳ್ಳೆಯ ಪ್ರತಿ ಹೊರಗೆ ಹೋಗಲಿ. ಮೂಲವನ್ನು ಅದರ ಜಾಗದಲ್ಲೇ ಬಿಟ್ಟು ಪ್ರತಿ ಮಾತ್ರ ಮಾಡಿಕೊಳ್ಳುವ ಯೋಜನೆಗಳು ಈಗ ಹಲವು ಇವೆ. ಬ್ರಿಟಿಷ್ ಲೈಬ್ರರಿಯಂಥ ಸಂಸ್ಥೆಯೂ 2004ರಿಂದ ತನ್ನ ಅಪಾಯದಂಚಿನ ದಾಖಲೆಗಳ ಯೋಜನೆಯಲ್ಲಿ ಮೂಲವನ್ನು ಆಯಾ ದೇಶದಲ್ಲೇ ಬಿಡುತ್ತದೆ.

ಹಾಗಾದರೆ ಯಜಮಾನರು ಹೇಳಿದ್ದೇ ಸರಿಯಾಯಿತಲ್ಲ ಎನ್ನಬೇಡಿ. ಪಟ್ಟಿಗೆ ಮೊಬೈಲು ಸಾಕು, ಪ್ರತಿಗೆ ಸಾಲದು. ಓಲೆಯ ಅಕ್ಷರವನ್ನು ಕಬ್ಬಿಣದ ಮೊನೆಯ ಕಂಟದಿಂದ ಕೊರೆದಿರುತ್ತಾರೆ. ಅದರಲ್ಲಿ ತುಂಬಿದ್ದ ಮಸಿ ಅಳಿಸಿದ್ದರೆ ನೇರ ಬೆಳಕಿನ ಫೋಟೊದಲ್ಲಿ ಬೋಳು ಎಲೆ ಮಾತ್ರ ಕಾಣುತ್ತದೆ. ಬೆಳಕು ಓರೆಯಾಗಿ ಬೀಳಬೇಕು. ಕಾಗದಕ್ಕೂ ಸಮತಟ್ಟಾಗಿ ಹಿಡಿದ ಕ್ಯಾಮೆರಾ, ಇಂಚಿಗೆ 300ರಿಂದ 400 ಚುಕ್ಕಿಯ ಸಾಂದ್ರತೆ ಬೇಕು. ಇನ್ನು ಡಿಜಿಟಲ್ ಪ್ರತಿಯ ಆಯುಷ್ಯ. 1850ರ ಕಲ್ಲಚ್ಚಿನ ಪುಸ್ತಕವನ್ನು ನಾನು ಈಗಲೂ ಓದುತ್ತೇನೆ. ಇಪ್ಪತ್ತು ವರ್ಷದ ಹಿಂದೆ ನಾನೇ ಸಿಡಿಗೆ ಹಾಕಿಟ್ಟ ಚಿತ್ರಗಳಲ್ಲಿ ಎಷ್ಟೋ ತೆರೆದುಕೊಳ್ಳುತ್ತಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ, ಇದು ಕನಿಷ್ಠ. ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಇಳಿವಯಸ್ಸಿನಲ್ಲಿ ಅದೊಂದು ಉಳಿದಿದೆ.

ಪ್ರದರ್ಶನದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಭಯವೂ ತಪ್ಪು ಜಾಗದಲ್ಲಿದೆ, ಧೈರ್ಯವೂ ತಪ್ಪು ಜಾಗದಲ್ಲಿದೆ. ಫೋಟೊದ ಫ್ಲಾಶ್ ಬಿದ್ದರೆ ಕಾಗದ ಸತ್ತೇ ಹೋಗುತ್ತದೆ ಎಂದು ಹೆದರುತ್ತಾರೆ. ಕ್ಷಣಾರ್ಧದ ಆ ಮಿಂಚಿನಿಂದ ಆಗುವ ಹಾನಿ ತೀರಾ ಅಲ್ಪ. ಮಕ್ಕಳು ಬರಿಗೈಯಲ್ಲಿ ಮುಟ್ಟಬಾರದು, ಬಿಳಿ ಕೈಗವಸು ಬೇಕು ಎನ್ನುತ್ತಾರೆ. ಹಳೆಯ ಫೋಟೊಗಳಿಗೆ ಕೈಗವಸು ಬೇಕು, ನಿಜ. ಪುಡಿಯಾಗುವ ಕಾಗದಕ್ಕೆ ಹತ್ತಿಯ ಕೈಗವಸೇ ಶತ್ರು: ಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ, ನೂಲು ಅಂಚಿಗೆ ಸಿಕ್ಕಿ ಹರಿಯುತ್ತದೆ. ಸೋಪಿನಿಂದ ತೊಳೆದು ಒಣಗಿಸಿದ ಕೈ ಸಾಕು.

ಯಾರೂ ಹೆದರದೆ ಇರುವುದು ಕಿಟಕಿಗೆ. ಬೆಳಕಿನ ಹಾನಿ ಸಾಲದ ಹಾಗೆ, ಒಟ್ಟುಗೂಡುತ್ತಾ ಹೋಗುತ್ತದೆ, ಕತ್ತಲೆಯಲ್ಲಿಟ್ಟರೆ ತೀರುವುದಿಲ್ಲ. ದೊಡ್ಡ ಗ್ರಂಥಾಲಯಗಳ ಪ್ರದರ್ಶನದಲ್ಲಿ ಕೋಣೆ ಏಕೆ ಅಷ್ಟು ಮಬ್ಬಾಗಿರುತ್ತದೆ ಎಂದರೆ, ಹಸ್ತಪ್ರತಿಯ ಮೇಲೆ ಬೀಳುವ ಬೆಳಕನ್ನು 50 ಲಕ್ಸ್‌ಗೆ (ಲಕ್ಸ್ ಎಂದರೆ ಬೆಳಕಿನ ಅಳತೆ) ಇಳಿಸಿರುತ್ತಾರೆ. ದಿನಕ್ಕೆ 8 ಗಂಟೆಯಂತೆ ಮೂರು ತಿಂಗಳು ಇಟ್ಟರೆ ಒಟ್ಟು 36,000 ಲಕ್ಸ್-ಗಂಟೆ. ನಿಮ್ಮ ಪ್ರೌಢಶಾಲೆಯ ಸಭಾಂಗಣದಲ್ಲಿ ಕಿಟಕಿಯ ಪಕ್ಕದ ಮೇಜಿನ ಮೇಲೆ ಹಗಲು 2,000 ಲಕ್ಸ್ ಬೀಳುವುದು ಏನೂ ಹೆಚ್ಚಲ್ಲ. ಮೂರು ದಿನಕ್ಕೆ ಅದು 48,000 ಆಯಿತು. ಮೂರೇ ದಿನ ತಾನೇ ಎಂದು ನೀವು ಅಂದುಕೊಂಡ ಪ್ರದರ್ಶನ, ಲೆಕ್ಕದಲ್ಲಿ ಮೂರು ತಿಂಗಳಿನದನ್ನು ಮೀರುತ್ತದೆ. ಬಿಸಿಲಿನ ಅತಿನೇರಳೆ ಕಿರಣದ ಮಾತು ಇದರಲ್ಲಿ ಸೇರಿಲ್ಲ. ನಾನೇ ಏರ್ಪಡಿಸಿದ ಒಂದು ಪ್ರದರ್ಶನದಲ್ಲಿ ನೇರಳೆ ಶಾಯಿಯ ಪತ್ರವೊಂದನ್ನು ಪಡುವಣ ಕಿಟಕಿಗೆ ಮುಖ ಮಾಡಿ ಇಟ್ಟುಬಿಟ್ಟಿದ್ದೆ. ವಾರದ ಕೊನೆಗೆ ಸಹಿ ಮಾತ್ರ ಉಳಿದಿತ್ತು, ಅದರ ಮೇಲೆ ಅದೃಷ್ಟವಶಾತ್ ವಿವರದ ಚೀಟಿಯ ನೆರಳು ಬಿದ್ದಿತ್ತು.

ಹಾಗೆಂದು ಬೇಡ ಎನ್ನಬೇಡಿ. ಪ್ರದರ್ಶಿಸಿ, ಆದರೆ ಮೂಲಗಳನ್ನಲ್ಲ. ಮೂವತ್ತು ವಸ್ತುಗಳ ಒಳ್ಳೆಯ ಬಣ್ಣದ ಪ್ರತಿ ಮುದ್ರಿಸಿ ಗೋಡೆಗೆ ಹಾಕಿ, ಮೂಲ ಎರಡೋ ಮೂರೋ ಸಾಕು. ಪುಸ್ತಕವನ್ನು ಬೆನ್ನು ಮುರಿಯುವ ಹಾಗೆ ಚಪ್ಪಟೆ ಬಿಡಿಸದೆ, ಎರಡೂ ಬದಿಗೆ ಮಡಿಸಿದ ಬಟ್ಟೆಯ ಆಸರೆ ಕೊಟ್ಟು, ಕಿಟಕಿಯಿಂದ ದೂರದ ಗಾಜಿನ ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆಯೊಳಗೆ ಬಲ್ಬು ಬೇಡ. ರಾತ್ರಿ ಬೀಗ ಯಾರ ಕೈಯಲ್ಲಿ ಎಂಬುದನ್ನು ಬರೆಸಿಕೊಳ್ಳಿ. ಕೊಟ್ಟದ್ದು, ಮರಳಿ ಪಡೆದದ್ದು ಎರಡಕ್ಕೂ ಸಹಿ ಇರಲಿ. ಊರವರ ನಡುವೆ ಇದು ಕಸಿವಿಸಿ, ಗೊತ್ತು.

ಗಾಜಿನ ಪೆಟ್ಟಿಗೆಯ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಇದು ನನ್ನ ಅನುಭವ. ಅಜ್ಜನ ಪ್ರಸಂಗದ ಒಂದು ಪ್ರತಿ ಭಾಗವತರ ಕೈಗೆ ಕೊಟ್ಟು ನಾಲ್ಕು ಪದ್ಯ ಹಾಡಿಸಿ. ಅಜ್ಜ ಅಂಚಿನಲ್ಲಿ ಬರೆದದ್ದನ್ನು ಹಿಡಿದು ಯಾರಾದರೂ ಅರ್ಥ ಹೇಳಲಿ. ಆಗ ನಿಲ್ಲುತ್ತಾರೆ, ಕುಳಿತೂ ಕೊಳ್ಳುತ್ತಾರೆ. ಜತೆಗೆ ಒಂದು ಮೂಲೆಯಲ್ಲಿ ಸ್ಕ್ಯಾನರ್ ಇಟ್ಟು, ನಿಮ್ಮ ಮನೆಯ ಹಳೆಯ ಕಾಗದ ತನ್ನಿ, ಪ್ರತಿ ತೆಗೆದು ಅಲ್ಲೇ ಮರಳಿಸುತ್ತೇವೆ ಎಂದು ಮೊದಲೇ ಊರಿಗೆ ತಿಳಿಸಿ. ದೊಡ್ಡ ಗ್ರಂಥಾಲಯಗಳು ಜನರ ಬಳಿಗೆ ಹೋಗಲು ಮಾಡುವ ಕೆಲಸಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು, ಖರ್ಚೂ ಕಡಿಮೆ. ಒಂದು ಎಚ್ಚರಿಕೆ: ಸಾಹಿತಿಗಳ ಪತ್ರಗಳಿದ್ದರೆ ಕಾಗದ ನಿಮ್ಮದು, ಬರಹದ ಹಕ್ಕು ಬರೆದವರ ವಾರಸುದಾರರದು, ಬರೆದವರು ಬದುಕಿದ್ದಾಗ ಪ್ರಕಟವಾಗದ ಪತ್ರಕ್ಕೆ ಆ ಹಕ್ಕಿನ 60 ವರ್ಷದ ಎಣಿಕೆ ಶುರುವಾಗುವುದೇ ಅದು ಮೊದಲು ಪ್ರಕಟವಾದ ಮೇಲೆ. ಗೋವಿಂದ ಪೈಗಳು 1963ರಲ್ಲೇ ತೀರಿಕೊಂಡವರು, ಆದರೂ ಅವರ ಅಪ್ರಕಟಿತ ಪತ್ರಕ್ಕೆ ಆ ಅವಧಿ ಮುಗಿದಿಲ್ಲ. ಕಾರಂತರು 1997ರಲ್ಲಿ ತೀರಿಕೊಂಡರು, ಇಬ್ಬರಲ್ಲಿ ಯಾರ ಪತ್ರ ಸಿಕ್ಕರೂ ಅನುಮತಿಯಿಲ್ಲದೆ ಅಚ್ಚು ಹಾಕಿಸಬೇಡಿ, ಅಂತರ್ಜಾಲಕ್ಕೂ ಏರಿಸಬೇಡಿ.

ಪಟ್ಟಿ ಮುಗಿದ ಮೇಲೆ ಕೊಡುವ ಪ್ರಶ್ನೆ. ಎಲ್ಲವನ್ನೂ ಒಂದೇ ಕಡೆ ಕೊಡಬೇಕೆಂಬ ಹಟ ಬೇಡ ಎಂದು ಕೆಲವರು ಹೇಳುತ್ತಾರೆ. ನಾನು ಅರ್ಧ ಒಪ್ಪುತ್ತೇನೆ. ಅಚ್ಚಿನ ಪುಸ್ತಕಗಳನ್ನು ಚದುರಿಸಬಹುದು. ಆದರೆ ಟ್ರಂಕು, ಕೈಬರಹವಿರುವ ಪ್ರಸಂಗಗಳು, ಪತ್ರಗಳು, ಗೇಣಿ ಲೆಕ್ಕ ಒಟ್ಟಿಗೇ ಇರಬೇಕು, ಒಂದು ಇನ್ನೊಂದಕ್ಕೆ ಸಾಕ್ಷಿ. ಅವು ನಮ್ಮ ಕರಾವಳಿಯಲ್ಲೇ ಇರುವುದು ಮೇಲು ಎಂಬುದು ನನ್ನ ಪಕ್ಷಪಾತ. ಮುಡಿ ಎಂದರೇನು, ಚಾಲಗೇಣಿ ಎಂದರೇನು ಎಂದು ತಿಳಿದವರು ಬಂದು ಓದುವ ಜಾಗ ಬೇಕು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ಓಲೆಗಳಿಗೆ ಧರ್ಮಸ್ಥಳದ ಹಸ್ತಪ್ರತಿ ಸಂಗ್ರಹ, ಮಿಷನ್ ಪುಸ್ತಕಗಳಿಗೆ ಮಂಗಳೂರು ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ, ಹೀಗೆ ಹೋಗಿ ಕಣ್ಣಾರೆ ನೋಡಲು ಜಾಗಗಳಿವೆ. ಕೋಲ್ಕತ್ತಾಕ್ಕೆ ಪಟ್ಟಿ ಮಾತ್ರ ಕಳುಹಿಸಿ, ನಿಮ್ಮಲ್ಲಿಲ್ಲದ್ದು ಯಾವುದು ಎಂದು ಕೇಳಿ. ಅವರಲ್ಲಿಲ್ಲದ ಹತ್ತು ಅಚ್ಚು ಪುಸ್ತಕ ಸಿಕ್ಕರೂ ಅಳಿಯನ ಮಾತೂ ನಡೆದ ಹಾಗಾಯಿತು.

ಯಾವ ಸಂಸ್ಥೆಗೇ ಹೋದರೂ ದೊಡ್ಡವರ ಕೋಣೆಯಲ್ಲಿ ಚಹಾ ಕುಡಿದು ಬರಬೇಡಿ. ಇದಕ್ಕೆ ಹಿಂದೆ ಬಂದ ಕಾಣಿಕೆ ಎಲ್ಲಿದೆ, ತೋರಿಸಿ ಎನ್ನಿ. ಅದರ ಪಟ್ಟಿ ಕೇಳಿ. ಕಳೆದ ವರ್ಷ ಅದನ್ನು ಯಾರು ಬಂದು ಓದಿದರು ಎಂದು ಕೇಳಿ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಹೋದರೆ ಇನ್ನೂ ಒಳ್ಳೆಯದು, ಗೋಡೆಯ ನೀರು ಕಾಣುತ್ತದೆ. ಹವಾನಿಯಂತ್ರಣ ಇದೆ ಎಂದರೆ, ರಾತ್ರಿಯೂ ಇರುತ್ತದೆಯೇ ಎಂದು ಕೇಳಿ. ಹಗಲು ಹಾಕಿ ಸಂಜೆ ಆರಿಸುವ ಎ.ಸಿ.ಯಿಂದ ನಮ್ಮ ತೇವದ ಹವೆಯಲ್ಲಿ ತಣ್ಣಗಿನ ರಟ್ಟಿನ ಮೇಲೆ ನೀರು ಕೂರುತ್ತದೆ. ಅದಕ್ಕಿಂತ ಫ್ಯಾನು, ತೆರೆದ ಕಿಟಕಿ ವಾಸಿ.

ಶರತ್ತಿನ ವಿಷಯದಲ್ಲಿ ಜಿಪುಣರಾಗಿ. ಕೋಲ್ಕತ್ತಾದಲ್ಲಿ ಆಶುತೋಷ್ ಮುಖರ್ಜಿಯವರ ಸಂಗ್ರಹ ಅವರ ಹೆಸರಿನಲ್ಲೇ ಪ್ರತ್ಯೇಕವಾಗಿದೆ, ನಮ್ಮ ಅಜ್ಜನಿಗೂ ಹಾಗೆ ಬೇಕು ಎಂದು ಬರುವವರು ಬಹಳ. ಅದು ಸುಮಾರು 80,000 ಪುಸ್ತಕಗಳ ಸಂಗ್ರಹ. 600ಕ್ಕೆ ಪ್ರತ್ಯೇಕ ಕೋಣೆ ಕೇಳಿದರೆ, ಒಪ್ಪಿಕೊಂಡ ಸಂಸ್ಥೆಯ ಮೇಲೆಯೇ ನನಗೆ ಅನುಮಾನ. ಪ್ರತಿ ಪುಸ್ತಕದೊಳಗೆ ಅಜ್ಜನ ಹೆಸರಿನ ಚೀಟಿ, ಸೂಚಿಯಲ್ಲಿ ಅವರ ಹೆಸರು, ಬೇಡವಾದದ್ದನ್ನು ಮಾರುವ ಮೊದಲು ನಿಮಗೆ ತಿಳಿಸುವುದು, ನಿಮಗೊಂದು ಡಿಜಿಟಲ್ ಪ್ರತಿ. ಈ ನಾಲ್ಕನ್ನು ಬರಹದಲ್ಲಿ ಕೇಳಿ, ಸಾಕು. ನಿಮ್ಮಲ್ಲೇ ಇಟ್ಟುಕೊಳ್ಳುವುದೂ ಒಂದು ದಾರಿಯೇ. ಅದರ ಅಪಾಯ ಇರುವುದು ಒರಲೆಯಲ್ಲಲ್ಲ, ಮುಂದಿನ ತಲೆಮಾರಿನಲ್ಲಿ. ನಿಮ್ಮ ಮಕ್ಕಳಲ್ಲಿ ಒಬ್ಬರಾದರೂ ಪಟ್ಟಿ ಮಾಡಲು ಭಾನುವಾರ ಬಂದು ಕುಳಿತರೆ ಇಟ್ಟುಕೊಳ್ಳಿ.

ಮಳೆಗಾಲಕ್ಕೆ ಮೊದಲು ಮಾಡಬೇಕಾದದ್ದು ಇಷ್ಟು. ಮೇ ತಿಂಗಳ ಮೊದಲೇ ಸ್ಥಳಾಂತರಿಸಿ. ನಡುಬಿಸಿಲಿಗೆ ಹರಡಬೇಡಿ, ಜಗಲಿಯ ನೆರಳಿನಲ್ಲಿ ಗಾಳಿಗೆ ಬಿಡಿ. ಬೂಷ್ಟು ಹಿಡಿದದ್ದನ್ನು ಬೇರೆ ಮಾಡಿ, ಮುಖಕ್ಕೆ ಮಾಸ್ಕ್ ಕಟ್ಟಿ ಮೆತ್ತನೆಯ ಕುಂಚದಿಂದ ಹೊರಗೆ ಕೊಡವಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತಷ್ಟು ಒಳಗಿಳಿಯುತ್ತದೆ. ರಟ್ಟಿನ ಪೆಟ್ಟಿಗೆ ಆಗಬಹುದು, ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲ ಬೇಡ. ನೆಲದಿಂದ ಒಂದು ಗೇಣು ಎತ್ತರದ ಹಲಗೆಯ ಮೇಲೆ, ಹೊರಗೋಡೆಗೆ ತಾಗದಂತೆ ಇಡಿ. ನುಸಿಗುಳಿಗೆ ಹುಳವನ್ನು ಕೊಲ್ಲುವುದಕ್ಕಿಂತ ಮನೆಯವರ ತಲೆ ನೋಯಿಸುವುದೇ ಹೆಚ್ಚು, ಅದನ್ನು ಬಿಡಿ. ಹರಿದ ಹಾಳೆಗೆ ಸೆಲ್ಲೊಟೇಪು ಹಚ್ಚಬೇಡಿ, ಐದಾರು ವರ್ಷದಲ್ಲಿ ಅದರ ಅಂಟು ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಶನ್ ಮಾಡಿಸುತ್ತೇವೆ ಎಂದು ಯಾರಾದರೂ ಬಂದರೆ ಓಲೆ ಕೊಳ್ಳಲು ಬಂದವರ ಹಿಂದೆಯೇ ಅವರನ್ನೂ ಕಳುಹಿಸಿ. ಶಾಖದಿಂದ ಅಂಟಿಸಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗುವುದಿಲ್ಲ, ಒಳಗೆ ಆಮ್ಲ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಓಲೆಗೆ ಎಣ್ಣೆ ಹಚ್ಚುವ ಪದ್ಧತಿ ಇದೆ, ಆದರೆ ಅದು ಮಜ್ಜಿಗೆಹುಲ್ಲಿನ ಎಣ್ಣೆ, ತೆಂಗಿನೆಣ್ಣೆಯಲ್ಲ. ಅದನ್ನೂ ತಿಳಿದವರ ಎದುರಿಗೇ ಮಾಡಿ.

ಪತ್ರದ ಹಿಂಬದಿಯಲ್ಲಿ, ಒಂದು ಕಟ್ಟಿನ ದಾರ ತುಂಡಾಗಿದೆ, ಹೊಸದು ಹಾಕಬಹುದೇ ಎಂದು ಬರೆದಿದ್ದೀರಿ. ಹಾಕಬಹುದು. ಹತ್ತಿಯ ದಾರ ಬಳಸಿ, ನೈಲಾನು ಬೇಡ, ಅದು ರಂಧ್ರವನ್ನು ಕೊಯ್ಯುತ್ತದೆ. ಎಲೆ ಆಡುವಷ್ಟು ಸಡಿಲ ಇರಲಿ. ಹಳೆಯ ದಾರವನ್ನು ಎಳೆಯುವ ಮೊದಲು ಎಲೆಗಳನ್ನು ಎಣಿಸಿ, ಅಂಚಿನಲ್ಲಿ ಲಿಪಿಕಾರ ಬರೆದ ಅಂಕಿಗಳಿವೆಯೇ ನೋಡಿ, ಇರುವ ಅನುಕ್ರಮದಲ್ಲೇ ಒಂದೊಂದು ಎಲೆಯ ಫೋಟೊ ತೆಗೆಯಿರಿ. ಅದನ್ನು ಊಟದ ಮೇಜಿನ ಮೇಲೆ ಹಗಲಿನಲ್ಲಿ ಮಾಡಿ, ಕುಳಿತುಕೊಳ್ಳುವ ಮೊದಲು ಫ್ಯಾನ್ ಆರಿಸಿ.